ಮುಳುಗದವನ ಮಣಿಕಟ್ಟಿನ ಕಂಪ್ಯೂಟರು

ಮದುವೆಯಾದ ಇಪ್ಪತ್ತಮೂರು ವರ್ಷಗಳಲ್ಲಿ ನನ್ನ ಹೆಂಡತಿ ನನಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟು ಒಪ್ಪಿಸಿದ ಕೆಲಸ ಒಂದೇ ಒಂದು. ಅದನ್ನು ನಾನು ಹೇಗೆ ನಿರ್ವಹಿಸಿದೆ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ, ಕಡಲ ದಂಡೆಯ ದೋಣಿಯವರ ಬಾಯಲ್ಲಿ ಇನ್ನೊಂದು. ಎರಡರಲ್ಲೂ ನಾನು ಪೆದ್ದನೇ. ಆದ್ದರಿಂದ ಮೂರನೆಯದನ್ನು ನಾನೇ ಹೇಳಿಬಿಡುವುದು ಕ್ಷೇಮ. (ಇದರಲ್ಲೂ ಹಾಗೆಯೇ ಕಂಡರೆ ಅದು ಓದುವವರ ದೃಷ್ಟಿದೋಷ.)

ಮೊದಲು ನನ್ನ ಯೋಗ್ಯತೆ ಏನೆಂದು ಹೇಳಬೇಕು. ನಾನು ಪಂಪು ತಯಾರಿಸುವ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದ ಮುಖ್ಯಸ್ಥ. ತಯಾರಾದ ಪ್ರತಿಯೊಂದು ಪಂಪಿನ ಮೈಯನ್ನೂ ಉಕ್ಕಿನ ತೊಟ್ಟಿಯೊಳಗಿಟ್ಟು, ನೀರು ತುಂಬಿಸಿ, ಒತ್ತಡ ಏರಿಸಿ, ಎಲ್ಲಾದರೂ ಒಂದು ಹನಿ ಜಿನುಗುತ್ತದೆಯೇ ಎಂದು ನೋಡುವುದು ನನ್ನ ಉದ್ಯೋಗ. ಈ ಉದ್ಯೋಗದ ಗುಣ ಏನೆಂದರೆ ಅದು ಸಂಜೆ ಐದೂವರೆಗೆ ಕಾರ್ಖಾನೆಯಲ್ಲೇ ಉಳಿಯುವುದಿಲ್ಲ, ಮನೆಗೂ ಜೊತೆಯಲ್ಲೇ ಬರುತ್ತದೆ. ಹೊಸ ಕೊಡೆ ಬಂದರೆ ಅದನ್ನು ನಲ್ಲಿಯ ಕೆಳಗೆ ಕಾಲು ಗಂಟೆ ಹಿಡಿಯದೆ ನಾನು ಯಾರಿಗೂ ಕೊಟ್ಟವನಲ್ಲ. ಮಗಳ ಶಾಲೆಯ ಚೀಲಕ್ಕೆ ಇಟ್ಟಿಗೆ ತುಂಬಿ ಮೂರು ದಿನ ಮೊಳೆಗೆ ನೇತುಹಾಕಿದ್ದೆ. ಮೊಳೆ ಕಿತ್ತುಬಂತು, ಗೋಡೆಯ ಗಾರೆ ಉದುರಿತು. ಚೀಲಕ್ಕೆ ಮಾತ್ರ ಏನೂ ಆಗಲಿಲ್ಲ. ಇದನ್ನು ನಾನು ಜಯವೆಂದೇ ಭಾವಿಸಿದ್ದೇನೆ.

ನನ್ನ ಹೆಂಡತಿ ವಾಹನ ಚಾಲನೆ ಕಲಿಸುವ ಮೇಡಮ್ಮು. ಹದಿನೇಳು ವರ್ಷದಿಂದ ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕನ್ನು ತುಳಿದೂ ತುಳಿದೂ ಅವಳ ಸೊಂಟ ಹಿಡಿದುಕೊಂಡಿತು. ವೈದ್ಯರು ಈಜಲು ಹೇಳಿದರು. ಹೋದಳು. ಸೊಂಟ ಬಿಟ್ಟಿತು, ಈಜು ಹಿಡಿದುಕೊಂಡಿತು. ಒಂದು ವರ್ಷ ಈಜುಕೊಳದ ಈ ತುದಿಯಿಂದ ಆ ತುದಿಗೆ ಹೋಗಿಬಂದ ಮೇಲೆ ಅವಳಿಗೆ ಉದ್ದಕ್ಕೆ ಹೋಗುವುದು ಬೇಸರವಾಗಿ, ಕೆಳಕ್ಕೆ ಹೋಗಬೇಕೆನಿಸಿತು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದ ತಳ ನೋಡಿಬರುವ ಸ್ಕೂಬಾ ಎಂಬ ವಿದ್ಯೆಗೆ ಸೇರಿದಳು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅನ್ನುತ್ತಾರಲ್ಲ, ಅವಳಿಗೆ ನಿಜವಾಗಿಯೂ ಎರಡೂ ಇರಲಿಲ್ಲ. ಎರಡೂ ದಡದಲ್ಲಿದ್ದ ನನಗೆ ಬಂದವು.

ನನ್ನ ವಿಷಯ ಮುಚ್ಚಿಡುವುದಿಲ್ಲ. ನಾನು ಷವರಿನ ಕೆಳಗೆ ಕಣ್ಣು ಮುಚ್ಚಲೂ ಹೆದರುವವನು.

ಒಂದು ಭಾನುವಾರ ಬೆಳಿಗ್ಗೆ ಅವಳು ಕಾಫಿ ಲೋಟ ನನ್ನ ಮುಂದಿಟ್ಟು, "ರೀ, ನೀರೊಳಗೆ ಹಾಕ್ಕೊಳ್ಳೋ ಮುಖವಾಡ, ಕಾಲಿಗೆ ಕಟ್ಕೊಳ್ಳೋ ರೆಕ್ಕೆ, ಅಂಗಿ, ಎಲ್ಲಾ ನಾನೇ ನೋಡ್ಕೊಂಡಿದ್ದೀನಿ. ಡೈವ್ ಕಂಪ್ಯೂಟರ್ ಒಂದು ನೀವು ತನ್ನಿ" ಅಂದಳು.

"ನೀರೊಳಗೆ ಕಂಪ್ಯೂಟರಾ?"

"ಗಡಿಯಾರದ ಥರ ಕೈಗೆ ಕಟ್ಕೊಳ್ಳೋದು. ಎಷ್ಟು ಆಳ ಇದ್ದೀನಿ, ಎಷ್ಟು ಹೊತ್ತಾಯ್ತು, ಇನ್ನೆಷ್ಟು ಹೊತ್ತು ಇರಬಹುದು, ಮೇಲೆ ಬರೋವಾಗ ಜೋರಾಗಿ ಬರ್ತಿದ್ದೀನಾ, ಇಷ್ಟು ಹೇಳುತ್ತೆ. ಸಾಮಾನ್ಯದ್ದು ಸಾಕು, ಕಲಿಯೋರು ತಗೊಳ್ಳೋ ಅಂಥದ್ದು. ಅಳೆಯೋ ಯಂತ್ರ ತಾನೇ, ನಿಮ್ಮ ಕೈಲಾಗುತ್ತೆ."

'ನಿಮ್ಮ ಕೈಲಾಗುತ್ತೆ' ಎಂಬ ಮಾತನ್ನು ನಾನು ಈ ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಎದೆಯುಬ್ಬಿತು. ಅದೇ ಉಬ್ಬಿದ ಎದೆಯಲ್ಲಿ ಮುಂದಿನ ಪ್ರಶ್ನೆ ಕೇಳಿದೆ. "ಜೋರಾಗಿ ಮೇಲೆ ಬಂದ್ರೆ ಏನಾಗುತ್ತೆ?"

"ಆಳದಲ್ಲಿ ತುಂಬಾ ಹೊತ್ತಿದ್ರೆ ಗಾಳಿಯಲ್ಲಿರೋ ಸಾರಜನಕ ರಕ್ತದಲ್ಲಿ ಕರಗುತ್ತಂತೆ. ಗಡಿಬಿಡಿಯಲ್ಲಿ ಮೇಲೆ ಬಂದ್ರೆ ಸೋಡಾ ಬಾಟ್ಲಿ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳುತ್ತೆ" ಎಂದು ಹೇಳಿ, ಬಟ್ಟೆ ಒಣಹಾಕಲು ಹೋದಳು.

ಅವಳು ಹೋದಳು. ನಾನು ಅಲ್ಲೇ ಕೂತೆ. ಕಾಫಿ ಆರಿತು. ಸೋಡಾ ಬಾಟಲಿಯ ಸ್ಥಾನದಲ್ಲಿ ನನ್ನ ಹೆಂಡತಿಯನ್ನು ಇಟ್ಟು ನೋಡಿದ ಕ್ಷಣದಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅವಳು ಇಳಿಯುವ ಹದಿನೆಂಟು ಮೀಟರ್ ಆಳದಲ್ಲಿ ನಾನು ಅವಳ ಜೊತೆ ಇರಲಾರೆ. ಇರುವುದು ಆ ಡಬ್ಬಿ ಮಾತ್ರ. ಅಂಥ ಡಬ್ಬಿಯನ್ನು ಸೊಪ್ಪು ಕೊಂಡಂತೆ ಕೊಂಡು ತರಲು ಸಾಧ್ಯವೇ?

ಹಾಗೆ ಶುರುವಾಯಿತು ನನ್ನ 'ತೌಲನಿಕ ಮಹಾಪಟ್ಟಿ'. ಊಟದ ಮೇಜಿನ ಮೇಲೆ ನಾಲ್ಕು ಹಾಳೆಗಳನ್ನು ಅಂಟಿಸಿ ಮೂವತ್ತೊಂದು ಕಾಲಮ್ಮು ಎಳೆದೆ. ಒಂದು ಗುಂಡಿಯದೋ, ಎರಡು ಗುಂಡಿಯದೋ? ಒಂದೇ ಗುಂಡಿಯದಾದರೆ ಬೇಕಾದ ಪುಟಕ್ಕೆ ಹೋಗಲು ಏಳು ಸಲ ಒತ್ತಬೇಕು. ಎರಡು ಗುಂಡಿಯದಾದರೆ ಯಾವುದನ್ನು ಒತ್ತಬೇಕೆಂದು ಯೋಚಿಸುವಷ್ಟರಲ್ಲಿ ಮೀನು ಬಂದು ಕಚ್ಚಬಹುದು. ಬ್ಯಾಟರಿಯನ್ನು ನಾವೇ ಬದಲಾಯಿಸಬಹುದೋ, ತಯಾರಿಸಿದವರಿಗೇ ಕಳಿಸಬೇಕೋ? ನಾವೇ ಬದಲಾಯಿಸಿದರೆ ರಬ್ಬರಿನ ಉಂಗುರ ಸರಿಯಾಗಿ ಕೂರದೆ ನೀರು ನುಗ್ಗಬಹುದು. ಅವರಿಗೆ ಕಳಿಸಿದರೆ ಅಂಚೆಯಲ್ಲಿ ಕಳೆದುಹೋಗಬಹುದು. ಕೆಲವು ಕಂಪ್ಯೂಟರುಗಳು ಧಾರಾಳಿಗಳು, ಇನ್ನೂ ಹತ್ತು ನಿಮಿಷ ಇರಿ, ಪರವಾಗಿಲ್ಲ ಅನ್ನುತ್ತವೆ. ಕೆಲವು ಪುಕ್ಕಲು, ಸಾಕು, ಹೊರಡಿ ಹೊರಡಿ ಎಂದು ಬೇಗನೆ ಎಬ್ಬಿಸುತ್ತವೆ. ನನ್ನ ಒಲವು ಯಾವುದರ ಕಡೆಗೆಂದು ಹೇಳಬೇಕಾಗಿಲ್ಲ.

ಅಳೆದೂ ಸುರಿದೂ ನಾಲ್ಕು ತಿಂಗಳಾಯಿತು. ಮನೆಯವರು ಊಟದ ಮೇಜು ಬಿಟ್ಟು ಸೋಫಾದ ಮೇಲೆ ತಟ್ಟೆ ಹಿಡಿದು ಉಣ್ಣತೊಡಗಿದರು.

"ಅಪ್ಪಾ, ಅಮ್ಮ ಹೋಗ್ತಿರೋದು ಸಮುದ್ರಕ್ಕೆ, ಚಂದ್ರನ ಮೇಲಕ್ಕಲ್ಲ" ಎಂದಳು ಕಾಲೇಜಿಗೆ ಹೋಗುವ ಮಗಳು.

"ಚಂದ್ರನ ಮೇಲಾದ್ರೆ ಇಷ್ಟು ಯೋಚ್ನೆ ಇರ್ತಿರ್ಲಿಲ್ಲ. ಅಲ್ಲಿ ಒತ್ತಡ ಇಲ್ಲ."

"ಇಲ್ಲಿದೆಯಲ್ಲ ಒತ್ತಡ, ಎಲ್ರಿಗೂ" ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ಅಂಗಡಿಯವನ ಕಥೆ ಬೇರೆ. ಮುಳುಗುವ ಸಾಮಾನು ಮಾರುವ ಅಂಗಡಿ ಊರಿಗೆಲ್ಲ ಒಂದೇ. ಅದರ ಯಜಮಾನ ಮೂವತ್ತು ವರ್ಷ ಸಮುದ್ರಕ್ಕಿಳಿದು ನಿಧಾನವಾಗಿ ಮೇಲೆ ಬರುವುದನ್ನೇ ಅಭ್ಯಾಸ ಮಾಡಿದವನು. ಆ ಅಭ್ಯಾಸ ಅವನ ನಡಿಗೆಗೂ ಮಾತಿಗೂ ಹತ್ತಿಕೊಂಡಿತ್ತು. ಒಂದು ವಾಕ್ಯ ಶುರುಮಾಡಿದರೆ ನಡುವೆ ಎರಡು ಕಡೆ ತಂಗಿ, ಉಸಿರಾಡಿಕೊಂಡು, ಮುಂದೆ ಸಾಗುತ್ತಿದ್ದ. ನಮ್ಮ ಮನೆಯಲ್ಲಿ ಅವನ ಹೆಸರು ಆಮೆ. ಅವನ ಮುಂದೆ ಚಡಪಡಿಸುತ್ತ ನಿಲ್ಲುವ ನನಗೆ ಅವನು ಏನು ಹೆಸರಿಟ್ಟಿದ್ದನೋ ಗೊತ್ತಿಲ್ಲ.

"ಸಾರ್," ಎಂದ ಆಮೆ ನನ್ನ ಹದಿನಾಲ್ಕನೆಯ ಭೇಟಿಯಲ್ಲಿ. ಸ್ವಲ್ಪ ಹೊತ್ತು ಬಿಟ್ಟು, "ಹೊಸಬರಿಗೆ ಬೇಕಾಗಿರೋದು ನಾಲ್ಕೇ. ಆಳ. ಹೊತ್ತು. ಉಳಿದಿರೋ ಹೊತ್ತು. ಮೇಲೆ ಬರೋ ವೇಗ. ಇವು ನಾಲ್ಕೂ ಕಣ್ಣಿಗೆ ಸಲೀಸಾಗಿ ಕಾಣ್ಬೇಕು. ಅಷ್ಟೇ."

"ದಿಕ್ಸೂಚಿ?"

"ಇರೋದು ಇದೆ. ಬೇಡ."

"ಬೇರೆ ಬೇರೆ ಬಗೆಯ ಗಾಳಿಗೆ ಲೆಕ್ಕ ಹಾಕೋದು?"

"ಇದೆ. ಮುಂದೆ ಕಲಿತ ಮೇಲೆ. ಈಗ ಬೇಡ."

"ಸಿಲಿಂಡರಲ್ಲಿ ಗಾಳಿ ಎಷ್ಟಿದೆ ಅಂತ ಕೈಯಲ್ಲೇ ತೋರ್ಸೋದು?"

"ಇದೆ ಸಾರ್. ಬೇಡ. ಅದಕ್ಕೆ ಬೇರೆ ಮುಳ್ಳಿನ ಮೀಟರು ಇರುತ್ತೆ."

ಇಷ್ಟೆಲ್ಲ ಇಟ್ಟುಕೊಂಡು ಬೇಡ ಬೇಡ ಅನ್ನುವ ವ್ಯಾಪಾರಿಯನ್ನು ನಂಬುವುದು ಹೇಗೆ? ಅವನು ಬೇಡವೆಂದದ್ದೆಲ್ಲ ಇದ್ದ, ತೆಳ್ಳಗಿನ, ಹದಿನಾಲ್ಕು ಗುಣಗಳ ಒಂದು ಚೆಲುವಾದ ಗಡಿಯಾರವನ್ನೇ ಕೊಂಡು ಮನೆಗೆ ತಂದೆ. ಹೆಂಡತಿ ಕೈಗೆ ಕಟ್ಟಿಕೊಂಡಳು. ಕೈಯನ್ನು ಮುಂದಕ್ಕೆ ಚಾಚಿದಳು. ಇನ್ನೂ ಚಾಚಿದಳು. ಆಮೇಲೆ ಚಾಚಲು ಕೈ ಉಳಿದಿರಲಿಲ್ಲ.

"ಇದು ಮೂರೋ ಎಂಟೋ?"

"ಚಾಳೀಸು ಹಾಕ್ಕೊಂಡು ನೋಡು."

"ನೀರೊಳಗೆ ಚಾಳೀಸು ಎಲ್ಲಿ ಹಾಕ್ಕೊಳ್ಳಲಿ? ಮುಖವಾಡದ ಮೇಲಾ?"

ನಾನು ಮಹಾಪಟ್ಟಿಯ ಕಡೆ ನೋಡಿದೆ. ಮೂವತ್ತೊಂದು ಕಾಲಮ್ಮುಗಳಲ್ಲಿ ರಬ್ಬರಿನ ಉಂಗುರದ ವ್ಯಾಸಕ್ಕೆ ಜಾಗವಿತ್ತು, ಹೆಂಡತಿಯ ಕಣ್ಣಿಗೆ ಇರಲಿಲ್ಲ. ಮಗಳು ಪೆನ್ನು ತೆಗೆದುಕೊಂಡು ಅಂಚಿನಲ್ಲಿ ಮೂವತ್ತೆರಡನೆಯ ಗೆರೆ ಎಳೆದು 'ಅಮ್ಮ' ಎಂದು ಬರೆದಳು. (ಅವಳಿಗೆ ಇಂಥ ಸಮಯದಲ್ಲಿ ಪೆನ್ನು ಹೇಗೆ ಸಿಗುತ್ತದೋ.)

ಮರುದಿನ ಆಮೆ ಏನೂ ಕೇಳದೆ ಅದನ್ನು ಹಿಂದಕ್ಕೆ ಪಡೆದು, ಮೊದಲ ದಿನವೇ ತೋರಿಸಿದ್ದ ಚೌಕನೆಯ ದಪ್ಪ ಡಬ್ಬಿಯೊಂದನ್ನು ಕೊಟ್ಟ. ನೋಡಲು ಏನೂ ಚೆಂದವಿಲ್ಲ. ಎರಡು ಗುಂಡಿ, ಹೆಬ್ಬೆರಳಿನಷ್ಟು ದೊಡ್ಡ ಅಂಕಿಗಳು. "ಅಮ್ಮನ ಕೈಗೆ ಗೋಡೆ ಗಡಿಯಾರ" ಎಂದಳು ಮಗಳು. ಆದರೆ ಡಬ್ಬಿ ಸೋಫಾದ ಮೇಲಿದ್ದಾಗಲೇ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಓದಿದಳು. ಅವಳ ಮುಖ ಅರಳಿತು.

"ಇದೇ ರೀ. ನನಗೆ ಬೇಕಾಗಿದ್ದಿದ್ದು ಇಷ್ಟೇ. ಶನಿವಾರಕ್ಕೆ ಸರಿಯಾಗಿ ಬಂತು."

ಶನಿವಾರದ ಮಹತ್ವ ಹೇಳಬೇಕು. ಅವಳು ಮುಳುಗುವ ಪ್ರಮಾಣಪತ್ರ ಪಡೆಯಲು ಸಮುದ್ರದಲ್ಲಿ ನಾಲ್ಕು ಸಲ ಇಳಿಯಬೇಕಿತ್ತು. ಮೂರು ಸಲ ಸ್ಕೂಬಾ ಕಲಿಸುವ ಸಂಘದ ಬಾಡಿಗೆ ಕಂಪ್ಯೂಟರು ಕಟ್ಟಿಕೊಂಡು ಇಳಿದಿದ್ದಳು. ಪಟ್ಟಿ ಸವೆದ, ಯಾರು ಯಾರದೋ ಬೆವರು ಕುಡಿದ ಡಬ್ಬಿ ಅದು. ಕೊನೆಯದನ್ನು ತನ್ನದೇ ಕಂಪ್ಯೂಟರಿನಲ್ಲಿ ಮಾಡಬೇಕೆಂಬ ಆಸೆ ಅವಳದು. ಆ ಕೊನೆಯ ಸಲ ಒಂದೇ ಸಮನೆ ಕನಿಷ್ಠ ಇಪ್ಪತ್ತು ನಿಮಿಷ ನೀರಿನ ಕೆಳಗಿರಬೇಕು. ಅದೇ ಶನಿವಾರ ಋತುವಿನ ಕೊನೆಯ ದೋಣಿ. ಆಮೇಲೆ ಸಮುದ್ರ ಒರಟಾಗುತ್ತದೆ, ಐದು ತಿಂಗಳು ಯಾರನ್ನೂ ಬಿಡುವುದಿಲ್ಲ. ಆ ತಾರೀಕಿಗೆ ಅವಳು ಕ್ಯಾಲೆಂಡರಿನಲ್ಲಿ ಎರಡು ಸುತ್ತು ಹಾಕಿದ್ದಳು. ನನ್ನ ಹುಟ್ಟುಹಬ್ಬಕ್ಕೆ ಒಂದು ಸುತ್ತೂ ಇರಲಿಲ್ಲ.

ಅಲ್ಲಿಗೆ ಕಥೆ ಮಂಗಳವಾಗಿ ಮುಗಿಯಬೇಕಿತ್ತು. ಆದರೆ ಗುರುವಾರ ಇಡೀ ಸಂಜೆ ಆ ಡಬ್ಬಿ ಕಪಾಟಿನ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಅದನ್ನು ಯಾರೂ ಪರೀಕ್ಷಿಸಿರಲಿಲ್ಲ!

"ಒಂದೇ ಒಂದ್ಸಲ ಪರೀಕ್ಷೆ ಮಾಡಿಬಿಡ್ಲಾ?" ಎಂದೆ.

"ಬೇಡ."

"ನಮ್ಮ ತೊಟ್ಟಿಯಲ್ಲಿ ಹತ್ತೇ ನಿಮಿಷ."

"ಮುಟ್ಟಬೇಡಿ ಅಂದೆ."

ಅವಳ ಮಾತು ಮೀರಿದ್ದು ದುರಹಂಕಾರದಿಂದ ಅಂದುಕೊಳ್ಳಬೇಡಿ. ನನಗೆ ಹೆದರಿಕೆಯಾಗಿತ್ತು. ಅವಳು ಕೆಳಗಿರುವಾಗ ಆ ಡಬ್ಬಿ ಸುಳ್ಳು ಹೇಳಿಬಿಟ್ಟರೆ? ಹದಿನೆಂಟು ಮೀಟರ್ ಇರುವುದನ್ನು ಹನ್ನೆರಡು ಅಂದುಬಿಟ್ಟರೆ? ಅವಳಿಲ್ಲದೆ ನಾನು ಏನು ಮಾಡಲಿ? ನನಗೆ ಕಾರು ಓಡಿಸಲೂ ಬರುವುದಿಲ್ಲ. (ಅವಳದೇ ಶಾಲೆಯಲ್ಲಿ, ಅವಳದೇ ಕೈಯಲ್ಲಿ ಎರಡು ಸಲ ನಪಾಸಾಗಿದ್ದೇನೆ.)

ಶುಕ್ರವಾರ ಊಟದ ಡಬ್ಬಿಯ ಅಡಿಯಲ್ಲಿ ಕಂಪ್ಯೂಟರನ್ನು ಬಚ್ಚಿಟ್ಟುಕೊಂಡು ಕಾರ್ಖಾನೆಗೆ ಹೋದೆ. ಪಂಪು ಪರೀಕ್ಷಿಸುವ ತೊಟ್ಟಿಯೊಳಗೆ ಮೆತ್ತಗೆ ಇಳಿಸಿ, ಮುಚ್ಚಳ ಬಿಗಿದು, ನೀರು ಬಿಟ್ಟು, ಮೂವತ್ತು ಮೀಟರ್ ಆಳದ ಒತ್ತಡಕ್ಕೆ ಏರಿಸಿದೆ. ಗಾಜಿನ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದರೆ, ಆಹಾ, ದಪ್ಪ ದಪ್ಪ ಅಂಕಿಗಳಲ್ಲಿ ಮೂವತ್ತು! ನನ್ನ ಮಾಪಕದಲ್ಲೂ ಮೂವತ್ತು. ನಾಲ್ಕು ತಿಂಗಳಲ್ಲಿ ಮೊದಲ ಸಲ ನನ್ನ ಉಸಿರು ಹೊಟ್ಟೆಯ ತನಕ ಹೋಯಿತು. ಹತ್ತು ನಿಮಿಷ ಬಿಟ್ಟು ತೆಗೆಯೋಣವೆಂದುಕೊಂಡೆ. ಅಷ್ಟರಲ್ಲಿ ವ್ಯವಸ್ಥಾಪಕರಿಂದ ಕರೆ ಬಂತು, ಎಲ್ಲ ಮುಖ್ಯಸ್ಥರೂ ಈಗಿಂದೀಗ ಮೀಟಿಂಗಿಗೆ ಬರಬೇಕು. ವಿಷಯ: ಸಮಯದ ಸದುಪಯೋಗ.

ಸಮಯದ ಸದುಪಯೋಗದ ಬಗ್ಗೆ ಅವರು ಒಂದು ಗಂಟೆ ಐವತ್ತು ನಿಮಿಷ ಮಾತಾಡಿದರು. ನಾನು ಕುರ್ಚಿಯ ತುದಿಯಲ್ಲಿ ಕೂತು ಮೊಣಕಾಲು ಕುಣಿಸುತ್ತಿದ್ದೆ. ಎರಡು ಸಲ ಎದ್ದೆ. ಎರಡು ಸಲವೂ ನನಗೆ ಏನೋ ಪ್ರಶ್ನೆಯಿದೆ ಎಂದು ತಿಳಿದು ಅವರು ಮೆಚ್ಚಿ, ಕೂರಿಸಿ, ಮತ್ತೆ ಮೊದಲಿನಿಂದ ವಿವರಿಸಿದರು.

ಬಿಟ್ಟ ಕೂಡಲೇ ಓಡಿಬಂದೆ. ಇಲ್ಲಿ ಒಂದು ಕಸುಬಿನ ಮಾತು ಹೇಳಬೇಕು. ಪಂಪಿನ ಪರೀಕ್ಷೆ ಮುಗಿದ ಮೇಲೆ ಒತ್ತಡವನ್ನು ನಿಧಾನವಾಗಿ ಇಳಿಸುವ ಪದ್ಧತಿ ನಮ್ಮಲ್ಲಿಲ್ಲ. ಪಂಪಿಗೆ ರಕ್ತವಿಲ್ಲವಲ್ಲ. ಒಂದೇ ತಿರುವಿಗೆ ಕವಾಟ ತೆರೆಯುತ್ತೇವೆ, ಬುಸ್ಸೆಂದು ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಇಪ್ಪತ್ತಾರು ವರ್ಷದಿಂದ ಹಾಗೆ ತಿರುಗಿಸಿ ಅಭ್ಯಾಸವಾದ ಕೈ ಅವತ್ತೂ ಹಾಗೆಯೇ ತಿರುಗಿಸಿತು.

ತೊಟ್ಟಿಯೊಳಗಿಂದ ಡಬ್ಬಿ ಕಿರುಚಿಕೊಂಡಿತು. ಮುಚ್ಚಳ ತೆಗೆದರೆ ಪರದೆಯ ತುಂಬ ಕೆಂಪು. ನಿಲ್ಲು, ಕೆಳಗಿಳಿ, ನಿಧಾನ ಎಂದೆಲ್ಲ ಒಂದರ ಮೇಲೊಂದು ಮಿನುಗಿ, ಕೊನೆಗೆ ಎಲ್ಲ ಆರಿ, ಒಂದೇ ಒಂದು ಸೂಚನೆ ಉಳಿಯಿತು. ಬೀಗ. ನಲವತ್ತೆಂಟು ಗಂಟೆ ಮುಳುಗುವಂತಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ನನ್ನ ವಿಷಯದಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಾನೇ.

ಆಮೆಗೆ ಫೋನು ಮಾಡಿದೆ. ಮೂವತ್ತು ಮೀಟರ್, ಒಂದು ಗಂಟೆ ಐವತ್ತು ನಿಮಿಷ, ಮೂರು ಸೆಕೆಂಡು ಎಂದು ಹೇಳಿದ್ದೇ ತಡ, ಆ ಮನುಷ್ಯ ಜೀವಮಾನದಲ್ಲಿ ಮೊದಲ ಸಲ ಗಡಗಡ ಮಾತಾಡಿದ. "ಯಾರು ಸಾರ್ ಮುಳುಗಿದ್ದು? ಉಸಿರಾಡ್ತಿದ್ದಾರಾ? ಆಸ್ಪತ್ರೆಗೆ ಸೇರಿಸಿದ್ರಾ?"

"ಯಾರೂ ಮುಳುಗಿಲ್ಲ. ಪಂಪಿನ ತೊಟ್ಟಿಯಲ್ಲಿ ಇಟ್ಟಿದ್ದೆ."

ಆಮೆ ಮತ್ತೆ ಆಮೆಯಾಗಿತ್ತು. "ಸಾರ್... ತೊಟ್ಟಿ ಅಂತ ಅದಕ್ಕೇನು ಗೊತ್ತು? ಅದರ ಲೆಕ್ಕದಲ್ಲಿ... ಕಟ್ಕೊಂಡಿರೋ ಮನುಷ್ಯ ಈಗ ಸಾಯೋ ಸ್ಥಿತಿಯಲ್ಲಿದ್ದಾನೆ. ಅವನನ್ನ ಮತ್ತೆ ನೀರಿಗೆ ಬಿಡಲ್ಲ ಅಂತ ಕೂತಿದೆ."

"ಹೇಗಾದ್ರೂ ಬೀಗ ಬಿಡ್ಸೋಕಾಗಲ್ವಾ?"

"ಆಗಲ್ಲ. ಕಲಿಯೋರದ್ದು ಅಲ್ವಾ. ಅವರ ಮಾತು ಕೇಳಬಾರದು ಅಂತಾನೇ ಮಾಡಿರೋದು."

ಶುಕ್ರವಾರ ಸಂಜೆ ಹೇಳಬೇಕೆಂದಿದ್ದೆ. ಅವಳು ಹಾಡು ಗುನುಗುತ್ತ ಚೀಲ ತುಂಬಿಸುತ್ತಿದ್ದಳು, ಬಾಯಿ ಬರಲಿಲ್ಲ. ಶನಿವಾರ ಬೆಳಿಗ್ಗೆ ಕಾರಿನಲ್ಲಿ ಅರ್ಧ ದಾರಿ ಆದ ಮೇಲೆ ಧೈರ್ಯ ತಂದುಕೊಂಡೆ.

"ಒಂದು ವಿಷಯ ಹೇಳ್ಬೇಕಿತ್ತು."

"ತಿರುವು ಮುಗೀಲಿ."

ತಿರುವು ಮುಗಿಯಿತು. ಹೇಳಿದೆ. ಅವಳು ಕನ್ನಡಿ ನೋಡಿ, ಸೂಚನೆಯ ದೀಪ ಹಾಕಿ, ಕಾರನ್ನು ಎಡಕ್ಕೆ ತಂದು, ಕೈಬ್ರೇಕು ಎಳೆದು, ಇಂಜಿನು ಆರಿಸಿ, ಆಮೇಲೆ ನನ್ನ ಕಡೆ ತಿರುಗಿದಳು. ಎಷ್ಟೇ ಸಿಟ್ಟಿದ್ದರೂ ನಿಯಮ ತಪ್ಪುವವಳಲ್ಲ.

"ಮುಟ್ಟಬೇಡಿ ಅಂದಿದ್ನಾ ಇಲ್ವಾ?"

"ಅಂದಿದ್ದೆ."

"ಮೂರು ಸೆಕೆಂಡಲ್ಲಿ ಮೇಲೆ ತಂದ್ರಾ?"

"ಅಭ್ಯಾಸಬಲ."

ಅವಳ ಕಣ್ಣಿನಲ್ಲಿ ನೀರು ತುಂಬಿತೆಂದು ತೋರಿತು. ಅದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು. ಅವಳು, "ಬಾಡಿಗೆದೇ ತಗೋತೀನಿ ಬಿಡಿ. ಇದನ್ನ ಎಲ್ಲೋ ಇಟ್ಟು ಕಳೀಬೇಡಿ. ಕೈ ಕೊಡಿ ಇಲ್ಲಿ" ಎಂದು, ಡಬ್ಬಿಯನ್ನು ನನ್ನ ಎಡ ಮಣಿಕಟ್ಟಿಗೆ ಕಟ್ಟಿದಳು. ಸಿಟ್ಟನ್ನೆಲ್ಲ ಪಟ್ಟಿಗೆ ಹಾಕಿ, ಕೊನೆಯ ತೂತಿಗೆ ಎಳೆದು ಬಿಗಿದಳು.

ದಂಡೆಯಲ್ಲಿ ಕಲಿಸುವ ಗಡ್ಡದ ಮೇಷ್ಟ್ರು ನಡೆದದ್ದನ್ನು ಕೇಳಿ, ಸಮುದ್ರದ ಕಡೆ ತಿರುಗಿ ನಿಂತು ಭುಜ ಕುಲುಕಿಸಿ ನಕ್ಕರು. ಸಂಘದ ಹಳೆಯ ಕಂಪ್ಯೂಟರನ್ನೇ ಅವಳಿಗೆ ಕೊಟ್ಟರು. ದೋಣಿ ಹೊರಟಿತು. ಮೇಷ್ಟ್ರು, ನನ್ನ ಹೆಂಡತಿ, ಇನ್ನಿಬ್ಬರು ಕಲಿಯುವವರು, ಇಂಜಿನಿನ ಬಳಿ ದೋಣಿಯ ಯಜಮಾನಿ, ಮತ್ತು ನಾನು. ನಮ್ಮ ಮಾತುಕತೆಯ ಹೊತ್ತಿನಲ್ಲಿ ಯಜಮಾನಿ ಇಂಜಿನಿನ ಹೊಟ್ಟೆಯೊಳಗೆ ತಲೆ ಹಾಕಿಕೊಂಡಿದ್ದರಿಂದ ಅವರಿಗೆ ಏನೂ ಕೇಳಿಸಿರಲಿಲ್ಲ. ಇದನ್ನು ದಯವಿಟ್ಟು ಗಮನದಲ್ಲಿಡಿ.

ಲಂಗರು ಹಾಕಿದ ಮೇಲೆ ನಾಲ್ವರೂ ನೀರಿಗಿಳಿದರು. ಹೆಂಡತಿ ಮುಳುಗುವ ಮೊದಲು ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ ಅಲ್ಲಿ ಬರೀ ಗುಳ್ಳೆಗಳು. ಇಂಜಿನಿನ ಮೇಲೆ ತೂಗುಹಾಕಿದ್ದ ಗಡಿಯಾರ ನೋಡಿದೆ. ಒಂಬತ್ತು ಗಂಟೆ ಐದು ನಿಮಿಷ. ಇಪ್ಪತ್ತು ನಿಮಿಷ ಅಂದರೆ ಒಂಬತ್ತು ಇಪ್ಪತ್ತೈದು. ದೋಣಿಯ ಈ ತುದಿಯಿಂದ ಆ ತುದಿಗೆ ಎಂಟು ಹೆಜ್ಜೆ. ಎಂಟು ಹೋದೆ, ಎಂಟು ಬಂದೆ. ಅಲೆಗಳೂ ನನ್ನ ಹಾಗೆಯೇ ಹೋಗಿ ಬರುತ್ತಿದ್ದವು.

"ಕೂತ್ಕೊಳ್ಳಿ ಯಜಮಾನ್ರೇ, ದೋಣಿ ವಾಲುತ್ತೆ" ಎಂದರು ಯಜಮಾನಿ.

ಕೂತೆ. ಕೂತ ಮೇಲೆ ಹೊಟ್ಟೆ ಎದ್ದಿತು. ದೋಣಿಯ ಅಂಚಿಗೆ ಬಾಗಿ ಬೆಳಗಿನ ತಿಂಡಿಯನ್ನು ಸಮುದ್ರಕ್ಕೆ ಒಪ್ಪಿಸಿದೆ. ತಲೆ ಗಿರ್ರೆಂದಿತು, ಮೈ ಬೆವರಿತು. ಪಟ್ಟಿ ಬಿಗಿದ ಎಡಗೈಯ ಬೆರಳುಗಳಂತೂ ಯಾರದೋ ಬೆರಳುಗಳ ಹಾಗಿದ್ದವು.

ಯಜಮಾನಿ ಓಡಿಬಂದು ನನ್ನ ನಾಡಿ ಹಿಡಿದರು. ಅವರು ಹೋದ ತಿಂಗಳಷ್ಟೇ ಪ್ರಥಮ ಚಿಕಿತ್ಸೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ಪಾಸಾಗಿದ್ದರಂತೆ. ಇದುವರೆಗೆ ಒಬ್ಬ ರೋಗಿಯೂ ಸಿಕ್ಕಿರಲಿಲ್ಲ. ನಾಡಿ ಹಿಡಿದ ಕೈಯ ಪಕ್ಕದಲ್ಲಿ ಕೆಂಪಗೆ ಮಿನುಗುತ್ತಿದ್ದ ಡಬ್ಬಿಯನ್ನು ನೋಡಿದರು. ಗುಂಡಿ ಒತ್ತಿದರು. ಅವರ ಮುಖದ ಬಣ್ಣ ಹೋಯಿತು.

"ನಿನ್ನೆ ಮೂವತ್ತು ಮೀಟರಲ್ಲಿ ಒಂದು ಗಂಟೆ ಐವತ್ತು ನಿಮಿಷ ಇದ್ರಾ?"

"ನಾನಲ್ಲ. ಕಂಪ್ಯೂಟರ್ ಇತ್ತು. ನಾನು ಮೀಟಿಂಗಲ್ಲಿದ್ದೆ."

ಅವರು ನನ್ನನ್ನು ಕನಿಕರದಿಂದ ನೋಡಿ ಒಂದು ಬೆರಳು ಮಡಿಚಿದರು. "ಗೊಂದಲ."

"ಗೊಂದಲ ಅಲ್ಲಮ್ಮಾ, ಅದನ್ನ ಪಂಪಿನ ತೊಟ್ಟಿಯಲ್ಲಿ ಹಾಕಿ..."

"ಅಸಂಬದ್ಧ ಮಾತು." ಎರಡನೆಯ ಬೆರಳು.

"ಅಯ್ಯೋ, ನನಗೇನೂ ಆಗಿಲ್ಲ! ನಾನು ನೀರಿಗೇ ಇಳಿದಿಲ್ಲ!"

"ಎಲ್ರೂ ಹೀಗೇ ಅಂತಾರಂತೆ, ಪುಸ್ತಕದಲ್ಲಿದೆ." ಮೂರನೆಯದು. "ರಕ್ತದಲ್ಲಿ ಗುಳ್ಳೆ ಎದ್ರೆ ಬೆರಳು ಜುಮ್ ಅನ್ನುತ್ತೆ. ಅಂತಿದೆಯಾ?"

ನಾನು ಜೀವನದುದ್ದಕ್ಕೂ ಪರೀಕ್ಷೆಯ ವರದಿಯಲ್ಲಿ ಸುಳ್ಳು ಬರೆದವನಲ್ಲ. "ಅಂತಿದೆ" ಎಂದೆ. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಮುಂದಿನದು ಅರ್ಧ ನಿಮಿಷದಲ್ಲಿ ನಡೆದುಹೋಯಿತು. ನನ್ನನ್ನು ಹಲಗೆಯ ಮೇಲೆ ಅಂಗಾತ ಮಲಗಿಸಿದರು. ಹೊಸ ಪೆಟ್ಟಿಗೆಯ ಸೀಲು ಒಡೆದು, ಆಮ್ಲಜನಕದ ಮಾಸ್ಕನ್ನು ಮೂಗು ಬಾಯಿಗೆ ಬಿಗಿದರು. ಮೇಲೊಂದು ಕಂಬಳಿ. ಆಮೇಲೆ ದೊಡ್ಡ ಸ್ಪ್ಯಾನರೊಂದನ್ನು ಹಿಡಿದು ಕಬ್ಬಿಣದ ಏಣಿಯ ಬಳಿ ಹೋದರು. ಏಣಿಗೆ ಮೂರು ಸಲ ಬಡಿದರೆ ಕೆಳಗಿರುವವರೆಲ್ಲ ಮೇಲೆ ಬರಬೇಕೆಂದು ಅರ್ಥ. ಹೊರಡುವಾಗ ಮೇಷ್ಟ್ರು ಎಲ್ಲರಿಗೂ ಹೇಳಿದ್ದು ನೆನಪಾಯಿತು. ಕತ್ತು ತಿರುಗಿಸಿ ಗಡಿಯಾರ ನೋಡಿದೆ. ಒಂಬತ್ತು ಹದಿನೆಂಟು.

ಮಾಸ್ಕು ಕಿತ್ತು ಎದ್ದು ಕೂತೆ. "ಬಡೀಬೇಡಿ! ಇನ್ನು ಏಳು ನಿಮಿಷ ತಡೀರಿ!"

"ಇಂಥ ಹೊತ್ತಲ್ಲಿ ಏಳು ನಿಮಿಷ ಅಂದ್ರೆ ಜೀವ ಹೋಗುತ್ತೆ."

"ನೀವು ಬಡಿದ್ರೇ ನನ್ನ ಜೀವ ಹೋಗೋದು! ನನ್ನ ಹೆಂಡತಿ ಕೊಲ್ತಾಳೆ!"

"ಪಾಪ, ಹೆಂಡತಿ ಮೇಲೇ ಅನುಮಾನ" ಎಂದು ಮರುಗಿ, ನನ್ನನ್ನು ಮತ್ತೆ ಮಲಗಿಸಿ, ಮಾಸ್ಕಿನ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದು, ಹೋಗಿ ಬಡಿದೇಬಿಟ್ಟರು. ಠಣ್, ಠಣ್, ಠಣ್.

ಆಕಾಶ ನೋಡುತ್ತ ಮಲಗಿದ್ದೆ. ನನಗೆ ಅಳು ಬಂದಿತ್ತು. ಅವಳು ಈ ಮನೆಯಲ್ಲಿ ತನಗೆಂದು ಆಸೆಪಟ್ಟದ್ದು ಇದೊಂದನ್ನೇ. ಅದಕ್ಕೆ ನಾಲ್ಕು ತಿಂಗಳು ಅಡ್ಡ ಕೂತವನು ನಾನು, ಕಂಪ್ಯೂಟರು ಕೆಡಿಸಿದವನು ನಾನು, ಈಗ ಕೆಳಗಿನಿಂದ ಎಳೆದು ತರುತ್ತಿರುವವನೂ ನಾನೇ. ಅವರು ಮೇಲೆ ಬರುವ ದಾರಿಯಲ್ಲಿ ಗುಳ್ಳೆ ಏಳದಂತೆ ತಂಗುವುದಕ್ಕೇ ಮೂರು ನಿಮಿಷ ಬೇಕು, ನಿಧಾನವಾಗಿ ಬಂದರೆ ಹೇಗೋ ಇಪ್ಪತ್ತು ದಾಟಬಹುದೇನೋ ಎಂದು ಗಡಿಯಾರದ ಮುಳ್ಳನ್ನೇ ಬೇಡಿಕೊಂಡೆ. ಒಂಬತ್ತು ಇಪ್ಪತ್ತನಾಲ್ಕಕ್ಕೆ ನೀರಿನ ಮೇಲೆ ತಲೆಗಳು ಕಂಡವು. ಒಂದು ನಿಮಿಷ ಕಮ್ಮಿ.

ಅವಳು ಏಣಿ ಹತ್ತಿ ಬಂದವಳು ಕಂಬಳಿಯಡಿಯ ನನ್ನನ್ನು ನೋಡಿದಳು. ಮುಖವಾಡ ಕಿತ್ತೆಸೆದು, ಕಾಲಿನ ರೆಕ್ಕೆಗಳಲ್ಲೇ ಪಟಪಟ ಬಡಿಯುತ್ತ ಓಡಿಬಂದು ಪಕ್ಕದಲ್ಲಿ ಕುಸಿದಳು. "ರೀ! ಏನಾಯ್ತ್ರೀ? ರೀ!" ಆ ದನಿಯಲ್ಲಿ ಭಯವಿತ್ತು. ನನಗಾಗಿ ಅವಳು ಭಯಪಟ್ಟದ್ದನ್ನು ಅಷ್ಟು ಸ್ಪಷ್ಟವಾಗಿ ನಾನು ಎಂದೂ ಕೇಳಿರಲಿಲ್ಲ. ಹೇಳಬಾರದು, ಆದರೂ ಒಂದು ಕ್ಷಣ ಹಿತವಾಯಿತು.

"ಗಂಭೀರ ಪ್ರಕರಣ" ಎಂದರು ಯಜಮಾನಿ, ಬರೆದುಕೊಂಡಿದ್ದ ಚೀಟಿ ನೋಡುತ್ತ. "ನಿನ್ನೆ ಮೂವತ್ತು ಮೀಟರ್. ಒಂದು ಗಂಟೆ ಐವತ್ತು ನಿಮಿಷ. ಮೂರು ಸೆಕೆಂಡಲ್ಲಿ ಮೇಲೆ ಬಂದಿದ್ದಾರೆ. ಬೆರಳು ಜುಮ್ ಅಂತಿದೆ. ವಾಂತಿ. ಮೀಟಿಂಗು, ಪಂಪು ಅಂತ ಏನೇನೋ ಬಡಬಡಿಸ್ತಿದ್ದಾರೆ."

ಹೆಂಡತಿಯ ಕಣ್ಣು ನನ್ನ ಮುಖದಿಂದ ಮಣಿಕಟ್ಟಿಗೆ ಹೋಯಿತು. ಮಣಿಕಟ್ಟಿನಿಂದ ಗಡಿಯಾರಕ್ಕೆ ಹೋಯಿತು. ಗಡಿಯಾರದಿಂದ ಹಿಂದಿರುಗಿ ನನ್ನ ಬಳಿಗೆ ಬರುವಷ್ಟರಲ್ಲಿ ಭಯ ಅದರಲ್ಲಿ ಉಳಿದಿರಲಿಲ್ಲ. ಹಿಂದಿನಿಂದ ಗಡ್ಡದ ಮೇಷ್ಟ್ರು ನಗು ತಡೆಯಲಾರದೆ ಯಜಮಾನಿಗೆ ತೊಟ್ಟಿಯ ಪುರಾಣವನ್ನೆಲ್ಲ ಹೇಳಿದರು. ಯಜಮಾನಿಯ ಕೈಯಲ್ಲಿದ್ದ ಚೀಟಿ ಸೊರಗಿತು. "ಅಂದ್ರೆ ಇವರಿಗೆ ಬರೀ ಅಲೆಗೆ ಹೊಟ್ಟೆ ತೊಳೆಸಿರೋದಾ?"

"ಹೂಂ. ಏಳಿ, ಇನ್ನೊಂದ್ಸಲ ಇಳಿಯೋಣ" ಎಂದರು ಮೇಷ್ಟ್ರು ಕಲಿಯುವವರಿಗೆ. "ಸ್ವಲ್ಪ ಹೊತ್ತು ಸುಧಾರಿಸ್ಕೊಳ್ಳಿ. ಬೇರೆ ಸಿಲಿಂಡರ್ ಇವೆ. ಇದು ಲೆಕ್ಕಕ್ಕೆ ಬೇಡ, ಹೊಸದಾಗಿ ಇಪ್ಪತ್ತು ನಿಮಿಷ."

ನನ್ನ ಎದೆಯ ಮೇಲಿಂದ ಬಂಡೆ ಇಳಿದಂತಾಯಿತು. ಏಳಲು ಹೋದೆ. ಯಜಮಾನಿ ಮಾಸ್ಕಿಗೆ ಕೈಹಾಕಿ ಹೆಂಡತಿಯ ಕಡೆ ನೋಡಿದರು. "ತೆಗೆದುಬಿಡ್ಲಾ?"

ಹೆಂಡತಿ ನನ್ನ ಮಣಿಕಟ್ಟಿನ ಪಟ್ಟಿಯನ್ನು ಎರಡು ತೂತು ಸಡಿಲ ಮಾಡಿದಳು. ಬೆರಳುಗಳನ್ನು ಒಂದೊಂದಾಗಿ ತಿಕ್ಕಿದಳು. ಕಂಬಳಿಯನ್ನು ನನ್ನ ಗದ್ದದ ತನಕ ಎಳೆದು, ಎರಡೂ ಬದಿ ಒಳಕ್ಕೆ ಸಿಕ್ಕಿಸಿದಳು.

"ಆಮ್ಲಜನಕದಿಂದ ತೊಂದರೆ ಏನಿಲ್ವಲ್ಲಮ್ಮಾ?"

"ಛೇ, ಇಷ್ಟು ಹೊತ್ತಿಗೆಲ್ಲಾ ಏನಿಲ್ಲ. ಒಳ್ಳೇದೇ."

"ಹಾಗಾದ್ರೆ ನಾನು ಮೇಲೆ ಬರೋ ತನಕ ಹೀಗೇ ಇರ್ಲಿ. ಏಳೋದಕ್ಕೆ ಬಿಡಬೇಡಿ. ಏನನ್ನೂ ಮುಟ್ಟೋದಕ್ಕಂತೂ ಬಿಡ್ಲೇಬೇಡಿ."

ಯಜಮಾನಿಯ ಮುಖದಲ್ಲಿ ಕಳೆ ಮರಳಿತು. ಪ್ರಥಮ ಚಿಕಿತ್ಸೆಯ ಪುಸ್ತಕ ತೆಗೆದುಕೊಂಡು ನನ್ನ ತಲೆಯ ಬಳಿ ಚಕ್ಕಳಮಕ್ಕಳ ಹಾಕಿ ಕೂತರು. ಸ್ವಲ್ಪ ಹೊತ್ತಿಗೆ ಹೆಂಡತಿ ಹೊಸ ಸಿಲಿಂಡರು ಏರಿಸಿಕೊಂಡು ನೀರಿಗೆ ಹಾರಿದಳು. ಅವಳಿಗೆ ಬೇಕಾಗಿದ್ದದ್ದು ಇಪ್ಪತ್ತು ನಿಮಿಷ. ಕೆಳಗಿದ್ದದ್ದು ನಲವತ್ತಮೂರು.